ಬಾಡಿಗೆಗೆ ಬೇಕು: ಕಟ್ಟೆ ಇರುವ ಮನೆ

ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಈಗ ಬಹಳ ಮನೆತನಗಳ ಮುಂದೆ ಇರುವ ಪ್ರಶ್ನೆ ಒಂದೇ. ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರು ಸೇರಿದ್ದಾರೆ. ಊರಲ್ಲಿ ತಾಯಿಯೋ ತಂದೆಯೋ ಒಬ್ಬರೇ ಉಳಿದಿದ್ದಾರೆ. ಅವರನ್ನು ಎಲ್ಲಿ ಇಟ್ಟುಕೊಳ್ಳುವುದು? ಈ ಮಾತಿಗೆ ಕೂತವರು ಕೋಣೆ ಎಣಿಸುತ್ತಾರೆ, ಸಂಡಾಸ ಒಳಗಿದೆಯೋ ಹೊರಗಿದೆಯೋ ನೋಡುತ್ತಾರೆ, ದವಾಖಾನೆ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾರೆ. ಇವೆಲ್ಲ ನೋಡಬೇಕಾದವೇ. ಆದರೆ ಆ ಮನೆಯಲ್ಲಿ ಕೂತ ಮುದುಕಿಯನ್ನು ದಿನಕ್ಕೆ ಎಷ್ಟು ಮಂದಿ ಮಾತಾಡಿಸುತ್ತಾರೆ ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಈ ಲೆಕ್ಕ ಎಷ್ಟು ದೊಡ್ಡದು ಎಂಬುದು ನನಗೆ ತಿಳಿದದ್ದು ನಮ್ಮಾಯಿಯಿಂದ. ಮುತ್ಯಾ ತೀರಿಕೊಂಡ ಮೇಲೆ ಆಕೆ ಔರಾದ ತಾಲೂಕಿನ ಊರು ಬಿಟ್ಟು, ಹೈದರಾಬಾದಿನ ಫ್ಲ್ಯಾಟು, ಬೀದರದ ಕಾಲೊನಿ ಎಲ್ಲ ಸುತ್ತಿ, ಈಗ ಭಾಲ್ಕಿಯ ಒಂದು ಹಳೆ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದಾಳೆ. ಮೂರು ಮಂದಿ ಗಂಡುಮಕ್ಕಳಿದ್ದೂ ಬಾಡಿಗೆ ಮನೆ ಎಂದರೆ ನಮ್ಮ ಕಡೆ ಮಂದಿ ಹುಬ್ಬೇರಿಸುತ್ತಾರೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಹಳೆ ಮನೆಗಳ ಮಾತು. ಔರಾದ ಕಡೆ ಕಪ್ಪು ನೆಲ, ಕಪ್ಪು ಕಲ್ಲು. ಬೀದರ ಪಟ್ಟಣದ ಸುತ್ತ ಕೆಂಪು ಜಂಬಿಟ್ಟಿಗೆ. ಕಲ್ಲು ಬೇರೆಯಾದರೂ ಮನೆಯ ಸ್ವರೂಪ ಹೆಚ್ಚುಕಡಿಮೆ ಒಂದೇ. ಮೊಳಗಟ್ಟಲೆ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಅಂಗಳ. ಬಾಗಿಲ ಹೊರಗೆ ಎರಡೂ ಕಡೆ ಕಟ್ಟೆ. ಬಾಗಿಲು ದಾಟಿದ ಕೂಡಲೇ ಢಾಳಜ, ಅಂದರೆ ಬಂದವರು ಕೂಡುವ ಜಾಗ. ಅದು ಪೂರ್ತಿ ಮನೆಯೂ ಅಲ್ಲ, ಪೂರ್ತಿ ಬೀದಿಯೂ ಅಲ್ಲ. ಚಹಾ ಕೊಡದೆಯೂ ಮಾತಾಡಿಸಬಹುದು, ಬಂದವರು ಒಳಗೆ ಬರದೆಯೂ ಅರ್ಧ ತಾಸು ಕೂಡಬಹುದು. ಮುಪ್ಪಿನ ಕಾಲದಲ್ಲಿ ಗಂಡಸರ ಹಾಸಿಗೆ ತಾನಾಗಿಯೇ ಢಾಳಜಕ್ಕೆ ಬರುತ್ತಿತ್ತು. ನಮ್ಮ ಮುತ್ಯಾನ ಕೊನೆಯ ಎಂಟು ವರ್ಷ ಅಲ್ಲೇ ಕಳೆದವು. ಕಣ್ಣು ಮಂಜಾಗಿದ್ದರೂ ಚಪ್ಪಲಿಯ ಸಪ್ಪಳದಿಂದಲೇ ಯಾರು ಹೊರಟರು ಎಂದು ಹೇಳುತ್ತಿದ್ದ. ‘ಯಾಕಪಾ, ಇವತ್ತ ಹೊಲಕ್ಕ ತಡಾ ಆತೇನು?’ ಎಂದು ಒಂದು ಮಾತು ಒಗೆದರೆ ಅಲ್ಲಿಗೆ ಒಂದು ಸಂಭಾಷಣೆ ಶುರುವಾಗುತ್ತಿತ್ತು.

ಹಾಗೆಂದು ಹಳೆಯದನ್ನು ಸುಮ್ಮನೆ ಹೊಗಳಲು ಆಗುವುದಿಲ್ಲ. ಢಾಳಜ ಗಂಡಸರದ್ದು. ಎಲ್ಲ ಜಾತಿಯವರೂ ಎಲ್ಲರ ಕಟ್ಟೆಯ ಮೇಲೆ ಕೂಡುವಂತಿರಲಿಲ್ಲ. ಕೆಲವರು ಕೆಳಗೆ ನಿಂತೇ ಮಾತಾಡಬೇಕಿತ್ತು. ಊರ ಹೊರಗಿನ ಕೇರಿಗಳಲ್ಲಿ ಢಾಳಜವಿರುವ ಮನೆಯೇ ಇರಲಿಲ್ಲ. ಆಯಿ ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಮುಂದಿನ ಕಟ್ಟೆಯ ಮೇಲೆ ಕೂತವಳೇ ಅಲ್ಲ. ಹೆಂಗಸರಿಗೆ ಇದ್ದದ್ದು ಹಿತ್ತಲು, ಬಾವಿ, ಬೀಸುಕಲ್ಲು, ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ ಒಣಗಿಸುವ ಮಾಳಿಗೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಿ ಓಣಿಯ ಅರ್ಧ ಮನೆಗಳನ್ನು ಸುತ್ತಿ ಬರಬಹುದಿತ್ತು. ಮುಂದಿನ ಕಟ್ಟೆಯ ಮೇಲೆ ಕೂಡುವ ಹಕ್ಕು ಆಕೆಗೆ ಸಿಕ್ಕದ್ದು ಸೊಸೆಯಂದಿರು ಬಂದ ಮೇಲೆ, ತಲೆ ನರೆತ ಮೇಲೆ. ಆ ಹಕ್ಕು ಸಿಗುವ ಹೊತ್ತಿಗೆ ಕಟ್ಟೆಗಳೇ ಹೋಗತೊಡಗಿದವು.

ಮಣ್ಣಿನ ಮಾಳಿಗೆ ಹೋಗಲು ನಮ್ಮ ಕಡೆ ಒಂದು ದೊಡ್ಡ ಕಾರಣವಿದೆ: ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಕಂಪವಾಯಿತು. ಗಣಪತಿ ಕಳಿಸಿ ಬಂದು ಜನ ಆಗಷ್ಟೇ ಮಲಗಿದ್ದರು. ಲಾತೂರ ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಎಂಟರಿಂದ ಹತ್ತು ಸಾವಿರದಷ್ಟು ಮಂದಿ ಸತ್ತರು. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲಿನ ಮಣ್ಣಿನ ಭಾರ, ಎರಡೂ ಸೇರಿ ಮಲಗಿದವರನ್ನು ಮುಚ್ಚಿದವು. ಬಸವಕಲ್ಯಾಣ, ಭಾಲ್ಕಿ ಗಡಿ ದಾಟಿದರೆ ಉಮರ್ಗಾ, ನಿಲಂಗಾ; ಅಲ್ಲಿ ನಮ್ಮವರ ಬೀಗರಿದ್ದರು. ಬೀದರ ಕಡೆಯೂ ನೆಲ ನಡುಗಿತ್ತು. ಆ ಚಳಿಗಾಲ ನಮ್ಮೂರ ಮಂದಿ ಎಷ್ಟೋ ರಾತ್ರಿ ಅಂಗಳದಲ್ಲೇ ಮಲಗಿದರು ಎಂದು ಆಯಿ ಹೇಳುತ್ತಾಳೆ. ಅಂದಿನಿಂದ ‘ಮಾಳಗಿ ಮನಿ’ ಎಂದರೆ ಅಂಜಿಕೆ. ದುಡ್ಡು ಕೈಗೆ ಬಂದವರು ಮೊದಲು ಮಾಡಿದ ಕೆಲಸ ಅದನ್ನು ಕೆಡವಿದ್ದು.

ಕಿಲ್ಲಾರಿಯ ಕಥೆಯಲ್ಲಿ ನಮಗೆ ಬೇಕಾದ ಇನ್ನೊಂದು ಪಾಠವಿದೆ. ಪೂರ್ತಿ ಬಿದ್ದ ಊರುಗಳನ್ನು ಸರಕಾರ ಮತ್ತು ದಾನಿ ಸಂಸ್ಥೆಗಳು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದವು. ಹೀಗೆ ಸ್ಥಳಾಂತರವಾದವು 52 ಊರುಗಳು. ಇದ್ದ ಹೊಲದ ಲೆಕ್ಕದ ಮೇಲೆ 250, 400, 750 ಚದರ ಅಡಿಯ ಮನೆಗಳು. ಅಗಲವಾದ ನೇರ ರಸ್ತೆಗಳು, ಸಾಲುಸಾಲು ನಿವೇಶನಗಳು, ನಗರದ ಕಾಲೊನಿಯ ನಕಾಶೆ. ಮನೆಗಳು ಗಟ್ಟಿಯಾಗಿದ್ದವು, ಅದರಲ್ಲಿ ಸಂಶಯವಿಲ್ಲ. ಆದರೆ ಇಕ್ಕಟ್ಟಾದ ಹಳೆ ಊರಲ್ಲಿ ನಾಲ್ಕು ಹೆಜ್ಜೆಗೆ ಸಿಗುತ್ತಿದ್ದ ಅಣ್ಣತಮ್ಮಂದಿರ ಮನೆ, ಗುಡಿ, ಅಂಗಡಿ ಹೊಸ ಊರಲ್ಲಿ ದೂರ ದೂರ ಸರಿದವು. ಒಂದೇ ವಾಡೆಯಲ್ಲಿದ್ದವರು ಬೇರೆ ಬೇರೆ ಸಾಲಿನ ಮನೆಗಳಿಗೆ ಹಂಚಿಹೋದರು. ನಡುವಯಸ್ಸಿನವರಿಗೆ ಆ ದೂರ ಸೈಕಲ್ ಮೇಲೆ ಎರಡು ನಿಮಿಷದ್ದು. ಕೋಲು ಹಿಡಿದವರಿಗೆ, ನೆರಳಿಲ್ಲದ ಅಗಲ ರಸ್ತೆಯಲ್ಲಿ, ಅದು ದಾಟಲಾಗದ ದೂರ. ಅಲ್ಲಿಗೆ ಹೋಗಿ ಅಧ್ಯಯನ ಮಾಡಿದವರು ಈ ದೂರುಗಳನ್ನು ದಾಖಲಿಸಿದ್ದಾರೆ. ಮನೆ ಜೀವ ಉಳಿಸಬೇಕು, ಅದು ಮೊದಲು. ಆಮೇಲೆ, ಉಳಿದ ಜೀವ ಯಾರ ಜೊತೆ ಮಾತಾಡಬೇಕು ಎಂಬುದನ್ನೂ ನಕಾಶೆಯೇ ತೀರ್ಮಾನ ಮಾಡುತ್ತದೆ.

ಇಂಥದೇ ಬದಲಾವಣೆ ಬೀದರ ಪಟ್ಟಣದಲ್ಲಿ ಭೂಕಂಪವಿಲ್ಲದೆ, ನಿಧಾನವಾಗಿ ನಡೆದಿದೆ. ಕೋಟೆಗೂ ಚೌಬಾರಾಕ್ಕೂ ನಡುವಿನ, ಮಹಮೂದ್ ಗವಾನನ ಮದರಸಾದ ಸುತ್ತಮುತ್ತಲಿನ ಹಳೆ ಪಟ್ಟಣದಲ್ಲಿ ನಡೆದು ನೋಡಿ. ಓಣಿಗಳ ಹೆಸರಲ್ಲೇ ತಾಲೀಮುಗಳಿವೆ: ಸಿದ್ದೀಕ್ ಶಾಹ್ ತಾಲೀಮ್, ನೂರ್ ಖಾನ್ ತಾಲೀಮ್, ಮನಿಯಾರ್ ತಾಲೀಮ್. ತಾಲೀಮ್ ಎಂದರೆ ಹುಡುಗರು ಕಸರತ್ತು ಮಾಡುವ ಗರಡಿ, ಓಣಿಯವರು ಸೇರುವ ಜಾಗ. ಅಂದರೆ ಮನೆಗಳ ಗುಂಪಿಗೆ ಒಂದು ಕೂಡುವ ಜಾಗ ಇರಲೇಬೇಕು ಎಂಬ ತಿಳಿವಳಿಕೆ ಪಟ್ಟಣದ ಹೆಸರುಗಳಲ್ಲೇ ಉಳಿದಿದೆ. ಬಿದರಿ ಕೆಲಸದ ಅಂಗಡಿಗಳ ಮುಂದೆ ಇಂದಿಗೂ ವಯಸ್ಸಾದ ಕುಶಲಕರ್ಮಿಗಳು ಕೂತು ಹೂಬಳ್ಳಿ ಕೊರೆಯುತ್ತಾರೆ. ದಾರಿಯಲ್ಲಿ ಹೋಗುವವರು ಸಲಾಂ ಹೇಳಿ ಮುಂದೆ ಹೋಗುತ್ತಾರೆ. ಕೆಲಸ, ಮನೆ, ಬೀದಿ ಮೂರೂ ಅಂಟಿಕೊಂಡಿದ್ದರೆ ಮುಪ್ಪಿಗೆ ಬೇರೆ ವ್ಯವಸ್ಥೆ ಅಷ್ಟಾಗಿ ಬೇಕಾಗುವುದಿಲ್ಲ.

ಪಟ್ಟಣ ಕೋಟೆಗೋಡೆ ದಾಟಿ ಶಿವನಗರ, ಮೈಲೂರು, ಗುಂಪಾ, ನೌಬಾದ್ ಕಡೆ ಬೆಳೆಯಿತು. ಹಳ್ಳಿಯಿಂದ ನೌಕರಿಗೆ, ಮಕ್ಕಳ ಶಾಲೆಗೆ ಬಂದ ನಮ್ಮಂಥವರೆಲ್ಲ ಸೇರಿದ್ದು ಇಂಥ ಬಡಾವಣೆಗಳಿಗೇ. ನನ್ನ ದೊಡ್ಡಪ್ಪನ ಮನೆಯೂ ಅಂಥ ಒಂದು ಕಾಲೊನಿಯಲ್ಲಿದೆ. ಒಳ್ಳೆಯ ಮನೆ. ಆಯಿಗೆಂದೇ ಕೆಳಗೆ ಒಂದು ಕೋಣೆ, ಅಂಟಿಕೊಂಡೇ ಸಂಡಾಸ. ಸುತ್ತ ಆಳೆತ್ತರದ ಕಾಂಪೌಂಡ್, ಕಬ್ಬಿಣದ ಗೇಟು. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ಹೊರಟರೆ ಸಂಜೆ ಐದರವರೆಗೆ ಮನೆಯಲ್ಲಿ ಆಯಿ ಮತ್ತು ಟೀವಿ. ಎದುರು ಮನೆಯಲ್ಲೂ ಒಬ್ಬ ಅಜ್ಜಿ ಇದ್ದಳು. ಆಕೆ ಇದ್ದಾಳೆ ಎಂಬುದು ನಮ್ಮಾಯಿಗೆ ಗೊತ್ತಾಗಲು ಒಂದೂವರೆ ತಿಂಗಳು ಬೇಕಾಯಿತು. ಇಬ್ಬರೂ ತರಕಾರಿ ಗಾಡಿಯವನ ಕೂಗಿಗೆ ಒಂದೇ ದಿನ ಗೇಟು ತೆಗೆದಾಗ ಭೇಟಿಯಾದದ್ದು. ನಡುವೆ ಇದ್ದದ್ದು 30 ಅಡಿಯ ರಸ್ತೆ, ಎರಡು ಗೇಟು, ಒಂದು ನಾಯಿ.

ಕಾಲೊನಿಯವರು ಕೆಟ್ಟವರು ಎಂದು ಇದರ ಅರ್ಥ ಅಲ್ಲ. ಅಲ್ಲಿ ಯಾರನ್ನಾದರೂ ಭೇಟಿಯಾಗಬೇಕಾದರೆ ಒಂದು ನೆಪ ಬೇಕು. ಗೇಟು ತಟ್ಟಿದರೆ ‘ಯಾರು ಬೇಕ್ರಿ?’ ಎಂದು ಕೇಳುತ್ತಾರೆ. ಹಳ್ಳಿಯ ಮುದುಕಿಗೆ ಆ ಪ್ರಶ್ನೆಗೆ ಉತ್ತರ ಕೊಡಲು ಬರುವುದಿಲ್ಲ. ಆಕೆಗೆ ಯಾರೂ ಬೇಕಾಗಿಲ್ಲ, ಸುಮ್ಮನೆ ಬಂದಿದ್ದಾಳೆ. ಸುಮ್ಮನೆ ಬರಲು ಅವಕಾಶ ಇಲ್ಲದ ಕಡೆ ಆಕೆ ಬರುವುದನ್ನೇ ಬಿಡುತ್ತಾಳೆ.

ನಮ್ಮಲ್ಲಿ ಆಗ ನಡೆದದ್ದು ಪಾಳಿ ಪದ್ಧತಿ. ನಾಲ್ಕು ತಿಂಗಳು ಹೈದರಾಬಾದಿನ ಹಿರಿಯ ಕಾಕಾನ ಮನೆ, ನಾಲ್ಕು ತಿಂಗಳು ಬೀದರ, ಉಳಿದ ನಾಲ್ಕು ತಿಂಗಳು ಊರಲ್ಲಿ ನಮ್ಮ ಮನೆ. ಇದು ನಮ್ಮ ಕಡೆ ಬಹಳ ಮನೆಗಳಲ್ಲಿ ಇದೆ. ಕೆಲವು ಕಡೆ ಇನ್ನೂ ಕಠಿಣ: ತಂದೆ ಹಿರಿಮಗನ ಪಾಲಿಗೆ, ತಾಯಿ ಕಿರಿಮಗನ ಪಾಲಿಗೆ. ಐವತ್ತು ವರ್ಷ ಜೊತೆಗಿದ್ದವರು ಮದುವೆ, ಮಣ್ಣುಗಳಲ್ಲಿ ಮಾತ್ರ ಒಬ್ಬರ ಮಾರಿ ಒಬ್ಬರು ನೋಡುತ್ತಾರೆ. ಹೊರಗಿನವರ ಕಣ್ಣಿಗೆ ಪಾಳಿ ನ್ಯಾಯವಾಗಿಯೇ ಕಾಣುತ್ತದೆ, ಎಲ್ಲ ಮಕ್ಕಳೂ ನೋಡಿಕೊಳ್ಳುತ್ತಾರಲ್ಲ! ಆದರೆ ಪಾಳಿಯಲ್ಲಿ ಸುತ್ತುವವರಿಗೆ ಎಲ್ಲಿಯೂ ನೆರೆಹೊರೆ ಹುಟ್ಟುವುದಿಲ್ಲ. ಪರಿಚಯ ಬೆಳೆಯುವ ಹೊತ್ತಿಗೆ ಚೀಲ ಕಟ್ಟುವ ದಿನ ಬರುತ್ತದೆ. ಹೈದರಾಬಾದಿನಿಂದ ಬಂದ ಮೇಲೆ ಆಯಿ ಹೇಳಿದ್ದು ಇಷ್ಟೇ: ‘ಲಿಫ್ಟಿನ್ಯಾಗ ಮಂದಿ ಸಿಗ್ತಾರ. ನೆಲ ಬಂದ ಕೂಡ್ಲೆ ಹೋಗಿಬಿಡ್ತಾರ.’

ಊರಲ್ಲಾದರೂ ಸುಖ ಇತ್ತೇ ಎಂದರೆ, ಅದೂ ಮೊದಲಿನಂತೆ ಇರಲಿಲ್ಲ. ಎಡಕ್ಕಿನ ಮನೆಗೆ ಬೀಗ, ಬಲಕ್ಕಿನವರು ಪುಣೆಗೆ ಹೋಗಿದ್ದಾರೆ. ಓಣಿಗೆ ಸಿಮೆಂಟ್ ರಸ್ತೆ ಬಂತು. ಹಳೆಯದರ ಮೇಲೆ ಹೊಸದು ಹಾಕುತ್ತಾ ರಸ್ತೆ ಎಷ್ಟು ಎತ್ತರವಾಯಿತೆಂದರೆ ನಮ್ಮ ಕಟ್ಟೆ ನೆಲಸಮವಾಯಿತು. ಮಳೆ ಬಂದರೆ ನೀರು ಢಾಳಜಕ್ಕೇ ಬರುತ್ತದೆ. ಕೆಲವರು ನೀರು ತಡೆಯಲು ಕಟ್ಟೆ ಇದ್ದ ಜಾಗದಲ್ಲಿ ಗೋಡೆ ಎಬ್ಬಿಸಿದರು, ಕೆಲವರು ಬೈಕ್ ಏರಿಸಲು ಇಳಿಜಾರು ಹಾಕಿದರು. ಯಾರೂ ಕಟ್ಟೆ ಬೇಡ ಎಂದು ತೀರ್ಮಾನಿಸಲಿಲ್ಲ. ಪ್ರತಿಯೊಬ್ಬರಿಗೂ ಅದಕ್ಕಿಂತ ತುರ್ತಾದ ಒಂದು ಕಾರಣ ಇತ್ತು, ಅಷ್ಟೇ.

ಸರಕಾರದ ಸಹಾಯದಿಂದ ಕಟ್ಟುವ ಮನೆಗಳ ಕಥೆಯೂ ಇದೇ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ, ಅಡುಗೆ ಜಾಗವೂ ಸೇರಿ. ಬಯಲು ಸೀಮೆಗೆ ಕೇಂದ್ರದ ಯೋಜನೆ ಹೇಳುವ ಸಹಾಯಧನ 1.20 ಲಕ್ಷ ರೂಪಾಯಿ. ಅಷ್ಟರಲ್ಲಿ ಗೋಡೆ, ಛಾವಣಿ ಏರಿದರೆ ಸಾಕು ಎನ್ನುವಂಥ ಸ್ಥಿತಿ. ನಾಲ್ಕು ಗೋಡೆ, ಒಂದು ಬಾಗಿಲು ಇದ್ದರೆ ಮನೆ ‘ಪೂರ್ಣ’. ಎರಡು ಅಡಿ ಅಗಲದ ಕಟ್ಟೆ, ಅದರ ಮೇಲೆ ನಾಲ್ಕು ತಗಡಿನ ನೆರಳು ಇರಬೇಕು ಎಂದು ಹೇಳುವವರು ಬೇಕು. ಆ ಪುಟ್ಟ ಮನೆಯೊಳಗೆ ಐದಾರು ಮಂದಿ ಇರುವಾಗ ಮುದುಕರಿಗೆ ಹಗಲು ಕೂಡಲು ಉಳಿಯುವ ಜಾಗ ಅದೊಂದೇ. ಅದಿಲ್ಲದ ಕಡೆ ಅವರು ರಸ್ತೆಯ ಅಂಚಿನಲ್ಲಿ ಗೋಣಿಚೀಲ ಹಾಕಿಕೊಂಡು ಕೂತಿರುವುದನ್ನು ಯಾವ ಹಳ್ಳಿಯಲ್ಲಾದರೂ ನೋಡಬಹುದು.

ಇನ್ನು ವೃದ್ಧಾಶ್ರಮ. ಈ ಹೆಸರು ತೆಗೆದರೆ ಸಾಕು ನಮ್ಮಲ್ಲಿ ಜಗಳ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದು, 150 ಮಂದಿಗೆ ಜಾಗವಿರುವ ಆಶ್ರಮವನ್ನು ರಾಜ್ಯ ಸರಕಾರ ಹಂತಹಂತವಾಗಿ ತೆರೆಯಬಹುದು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಯಾರೂ ಇಲ್ಲದವರಿಗೆ, ಇದ್ದೂ ಇಲ್ಲದವರಿಗೆ ಅದು ಬೇಕು. ಅದನ್ನು ಅವಮಾನ ಎನ್ನುವವರು ಆ ಮುದುಕರಿಗೆ ತಮ್ಮ ಮನೆಯಲ್ಲಿ ಜಾಗ ಕೊಡುವುದಿಲ್ಲ. ಆದರೆ ಅಲ್ಲಿಯೂ ಪ್ರಶ್ನೆ ಅದೇ: ಆಶ್ರಮ ಎಲ್ಲಿದೆ? ವರದಿಗಾಗಿ ನಾನು ಒಮ್ಮೆ ಹೋಗಿದ್ದ ಒಂದು ಆಶ್ರಮ ಊರಿಂದ ನಾಲ್ಕು ಕಿಲೋಮೀಟರ್ ಹೊರಗೆ, ಹೊಲದ ನಡುವೆ ಇತ್ತು. ಊಟ ಸರಿ ಇತ್ತು, ಹಾಸಿಗೆ ಸ್ವಚ್ಛ ಇತ್ತು. ಒಳಗೆ ಟೀವಿ ಹಚ್ಚಿದ್ದರು. ಆದರೆ ಎಲ್ಲ ಕುರ್ಚಿಗಳೂ ಗೇಟಿನ ಕಡೆ ಮುಖ ಮಾಡಿದ್ದವು. ಅದೇ ಕಟ್ಟಡ ಶಾಲೆಯ ಪಕ್ಕದಲ್ಲೋ ಸಂತೆಯ ಹತ್ತಿರವೋ ಇದ್ದಿದ್ದರೆ ಆ ಕುರ್ಚಿಗಳಿಗೆ ನೋಡಲು ಏನಾದರೂ ಇರುತ್ತಿತ್ತು.

ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಎಂದು ನಾಡೆಲ್ಲ ಅವರನ್ನು ನೆನೆಯುತ್ತದೆ. ಮುಪ್ಪಿನ ವಿಷಯ ಯೋಚಿಸುವಾಗ ನನಗೆ ಹೊಳೆಯುವುದು ಬೇರೆ. ಮಠ ಎಂದರೆ ಕಲಿಯುವ ಮಕ್ಕಳು, ಊಟಕ್ಕೆ ಬರುವವರು, ಕಷ್ಟ ಹೇಳಲು ಬರುವವರು, ಎಲ್ಲರೂ ಹಾದುಹೋಗುವ ಜಾಗ. ಅಂಥ ಕಡೆ ಎಂಬತ್ತು ದಾಟಿದವರೂ ದಿನದ ನಡುವೆಯೇ ಇರುತ್ತಾರೆ. ಎಲ್ಲರಿಗೂ ಮಠ ಕಟ್ಟಿಕೊಡಲು ಆಗುವುದಿಲ್ಲ. ಆದರೆ ಮಕ್ಕಳು ಬರುವ ಕಡೆ, ಊಟ ನಡೆಯುವ ಕಡೆ ಮುದುಕರಿಗೆ ಜಾಗ ಮಾಡಲು ಆಗುತ್ತದೆ.

ಈಗ ಆಯಿ ಭಾಲ್ಕಿಗೆ ಹೋದ ಕಥೆ. ಭಾಲ್ಕಿಯಲ್ಲಿ ನಮ್ಮ ಅತ್ತಿ ಇದ್ದಾಳೆ, ಆಯಿಯ ಒಬ್ಬಳೇ ಮಗಳು. ಅತ್ತಿಯ ಮನೆ ಹಳೆ ಊರಲ್ಲಿ, ಕೋಟೆಯ ಕಡೆಯ ಇಕ್ಕಟ್ಟಾದ ಓಣಿಯಲ್ಲಿದೆ. ‘ನನ್ನ ಹತ್ರ ಕಳಸ್ರಿ’ ಎಂದು ಆಕೆ ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. ಮಗಳ ಮನೆಯಲ್ಲಿ ತಾಯಿ ಇರುವುದು ನಮ್ಮ ಕಡೆ ಸಣ್ಣ ಮಾತಲ್ಲ. ‘ಗಂಡಮಕ್ಕಳು ಸತ್ತಾರೇನು ಅಂತ ಮಂದಿ ಕೇಳ್ತಾರ’ ಎಂದು ಸಣ್ಣ ಕಾಕಾ ಪುಣೆಯಿಂದ ಫೋನಿನಲ್ಲೇ ಸಿಟ್ಟಾದ. ದೊಡ್ಡಪ್ಪ ಮಾತಾಡಲಿಲ್ಲ. ಅದು ಇನ್ನೂ ಕಷ್ಟದ್ದಾಗಿತ್ತು. ಆಯಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಆಕೆಯ ಬಳಿ ಉತ್ತರ ಸಿದ್ಧವಿತ್ತು: ‘ಮಗಳ ಮನ್ಯಾಗ ಇರಲ್ಲ. ಮಗಳ ಓಣ್ಯಾಗ ಇರ್ತೀನಿ. ನನ್ನ ಒಲಿ ನನಗ ಇರ್ಲಿ.’

ಅತ್ತಿಯ ಮನೆಯಿಂದ ಆರನೇ ಬಾಗಿಲು. ಎರಡು ಕೋಣೆ, ಹಿಂದೆ ಸಂಡಾಸ, ಮುಂದೆ ಕಲ್ಲಿನ ಕಟ್ಟೆ. ಬಾಡಿಗೆ ಎರಡೂವರೆ ಸಾವಿರ, ಮೂರು ಗಂಡುಮಕ್ಕಳು ಹಂಚಿಕೊಂಡು ಕೊಡುತ್ತಾರೆ. ಸಂಡಾಸಿನಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಸರಳು, ಮೆಟ್ಟಿಲಿಗೆ ಒಂದು ಕಲ್ಲು, ರಾತ್ರಿಗೆ ಒಂದು ಸಣ್ಣ ದೀಪ. ಇವಕ್ಕೆ ನಮಗೆ ಖರ್ಚಾದದ್ದು ಮೂರು ಸಾವಿರದೊಳಗೆ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಆಕೆಯದೇ ಖರ್ಚಿಗೆ.

ಎದುರು ಬಾಗಿಲಲ್ಲಿ ಒಬ್ಬ ಖಾಲಾ ಇದ್ದಾರೆ, ಆಯಿಗಿಂತ ಎರಡು ಮೂರು ವರ್ಷ ಸಣ್ಣವರು. ಆಯಿಗೆ ಉರ್ದು ಅರ್ಧ ಬರುತ್ತದೆ, ಖಾಲಾಗೆ ಕನ್ನಡ ಅರ್ಧ ಬರುತ್ತದೆ, ಮರಾಠಿ ಇಬ್ಬರಿಗೂ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಆಯಿಯ ಕಟ್ಟೆಯಿಂದ ಸರಿದರೆ ಖಾಲಾ ಇತ್ತ ಬರುತ್ತಾರೆ. ಬೆಳಿಗ್ಗೆ ಅವರ ಕಟ್ಟೆಗೆ ನೆರಳಿರುತ್ತದೆ, ಆಗ ಆಯಿ ಅತ್ತ ಹೋಗುತ್ತಾಳೆ. ಮಕ್ಕಳು ಶಾಲೆಯಿಂದ ಬಂದು ದಫ್ತರ ಕಟ್ಟೆಯ ಮೇಲೆ ಒಗೆದು ಆಡಲು ಹೋಗುತ್ತಾರೆ. ಆ ದಫ್ತರಗಳಿಗೆ ಆಯಿ ಕಾವಲು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಮ್ಮೂರಿನ ಹಳೆ ಗೆಳತಿಯರೂ ಸಂತೆಗೆಂದು ಭಾಲ್ಕಿಗೆ ಬಂದರೆ ಆಯಿಯ ಕಟ್ಟೆಯಲ್ಲಿ ಒಂದು ತಾಸು ಕೂತು ಹೋಗುತ್ತಾರೆ. ಬೀದರದ ಗೇಟಿನ ಮನೆಗೆ ಅವರು ಒಮ್ಮೆಯೂ ಬಂದಿರಲಿಲ್ಲ.

ಹೋದ ಚಳಿಗಾಲ ಆಯಿ ನಸುಕಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು. ಕೂಗಿದ್ದು ಗೋಡೆಯಾಚೆ ಕೇಳಿತು. ಪಕ್ಕದ ಮನೆಯವರು ಬಂದರು, ಖಾಲಾ ಬಂದರು, ಆಮೇಲೆ ಅತ್ತಿ. ಹತ್ತು ನಿಮಿಷದಲ್ಲಿ ಆಟೊ. ಮುಂಗೈ ಮೂಳೆ ಬಿರುಕು ಬಿಟ್ಟಿತ್ತು, ಒಂದೂವರೆ ತಿಂಗಳಲ್ಲಿ ಕೂಡಿತು. ಒಬ್ಬರೇ ಇರುವ ಮುದುಕರು ಅಂದರೆ ಅಪಾಯ ಎಂದು ನಾವು ಭಾವಿಸುತ್ತೇವೆ, ಅದು ಸರಿಯೇ. ಭಾರತದ ಹಿರಿಯರ ಬಗ್ಗೆ 2017-18ರಲ್ಲಿ ನಡೆದ ಲಾಸಿ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ನೂರಕ್ಕೆ ಸುಮಾರು 6 ಮಂದಿ ಒಬ್ಬರೇ ಇರುವುದು ಕಂಡಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು. ಆದರೆ ಕೂಗಿದರೆ ಕೇಳುವ ಓಣಿಯಲ್ಲಿ ಒಬ್ಬಳೇ ಇರುವುದಕ್ಕೂ, ತುಂಬಿದ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುವುದಕ್ಕೂ ವ್ಯತ್ಯಾಸವಿದೆ. ಸಮೀಕ್ಷೆಯ ಲೆಕ್ಕದಲ್ಲಿ ಮೊದಲನೆಯವಳು ಒಂಟಿ, ಎರಡನೆಯವಳು ಅಲ್ಲ.

ಎಲ್ಲ ಚೆನ್ನಾಗಿದೆ ಎಂದು ಹೇಳುತ್ತಿಲ್ಲ. ಊರಿನ ಮನೆ ಆಯಿಯ ಎದೆಯಲ್ಲೇ ಇದೆ. ಹೊಲ ಬಿತ್ತುವ ದಿನ, ಅಮರೇಶ್ವರ ಜಾತ್ರೆಯ ದಿನ ಆಕೆ ಯಾರ ಜೊತೆಯೂ ಸರಿಯಾಗಿ ಮಾತಾಡುವುದಿಲ್ಲ. ಸಣ್ಣ ಕಾಕಾ ಇನ್ನೂ ಆ ಮನೆಗೆ ಕಾಲಿಟ್ಟಿಲ್ಲ; ಭಾಲ್ಕಿಗೆ ಬಂದರೂ ಅತ್ತಿಯ ಮನೆಯಲ್ಲಿ ಕೂತು ತಾಯಿಯನ್ನು ಅಲ್ಲಿಗೇ ಕರೆಸಿಕೊಳ್ಳುತ್ತಾನೆ. ಹತ್ತಿರವಿರುವ ಭಾರವೆಲ್ಲ ಅತ್ತಿಯ ಮೇಲೆ ಬಿದ್ದಿದೆ. ಗಂಡುಮಕ್ಕಳು ಬಾಡಿಗೆ ಕೊಡುತ್ತಾರೆ, ಔಷಧಿಯ ಹೊತ್ತು ನೆನಪಿಡುವವಳು ಆಕೆ. ಇದನ್ನು ಯಾರೂ ಪಾಲು ಹಂಚಿಲ್ಲ.

ಇಂಥ ತೀರ್ಮಾನಕ್ಕೆ ಕೂಡುವ ಮನೆಯವರಿಗೆ ಕೆಲವು ಮಾತು. ಮೊದಲು ಇರಬೇಕಾದವರನ್ನೇ ಕೇಳಿ, ಅದೂ ಒಬ್ಬರೇ ಇರುವಾಗ ಕೇಳಿ. ಮಕ್ಕಳೆಲ್ಲ ಸುತ್ತ ಕೂತು ಕೇಳಿದರೆ ‘ನೀವ್ ಹ್ಯಾಂಗಂತೀರಿ ಹಂಗ’ ಎನ್ನುತ್ತಾರೆ. ಮನೆ ನೋಡಲು ಹೋದಾಗ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ, ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಯಾರಿರುತ್ತಾರೆ ನೋಡಿ. ನೆಲಮಟ್ಟದ ಮನೆ ಆಗಲಿ. ಬಾಗಿಲಿನಿಂದ ಇನ್ನೊಂದು ಬಾಗಿಲು ಕಾಣಲಿ. ಕಿರಾಣಿ ಅಂಗಡಿ, ಗುಡಿ ಅಥವಾ ಮಸೀದಿ, ಬಸ್ ನಿಲ್ದಾಣ ಅವರ ನಡಿಗೆಯಲ್ಲಿ ಹತ್ತು ನಿಮಿಷದೊಳಗೆ ಇರಲಿ. ನಿಮ್ಮ ನಡಿಗೆಯಲ್ಲಿ ಅಲ್ಲ. ಪಾಳಿ ಮಾಡಲೇಬೇಕಾದರೆ ಮಕ್ಕಳು ಪಾಳಿಯಲ್ಲಿ ಬಂದು ಹೋಗಲಿ, ತಾಯಿ ಒಂದೇ ಕಡೆ ಇರಲಿ. ಊರ ಮನೆ, ಹೊಲ ಮಕ್ಕಳ ಹೆಸರಿಗೆ ಮಾಡುವ ಹಿರಿಯರು 2007ರ ಕಾಯ್ದೆಯ 23ನೇ ಸೆಕ್ಷನ್ ತಿಳಿದಿರಬೇಕು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ ವಾಪಸ್ ಕೇಳಬಹುದು. ಷರತ್ತನ್ನು ಪತ್ರದಲ್ಲಿ ಬರೆಸಿದರೆ ಮುಂದೆ ವಾದ ಇರುವುದಿಲ್ಲ. ತೊಂದರೆ ಇದ್ದವರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಪಂಚಾಯಿತಿಗಳಿಗೂ ಒಂದು ಮಾತು. ರಸ್ತೆ ಮಾಡುವಾಗ ಹಳೆಯದನ್ನು ಅಗೆದು ಹಾಕಿದರೆ ಮನೆಗಳ ಕಟ್ಟೆ ಉಳಿಯುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅವುಗಳ ಮುಂದೆ ನೆರಳು, ನಾಲ್ಕು ಬೆಂಚು ಹಾಕಿ, ಬೆಳಿಗ್ಗೆ ಯಾರಾದರೂ ಪೇಪರ್ ಗಟ್ಟಿಯಾಗಿ ಓದಿದರೆ ಕಣ್ಣು ಕಾಣದವರೂ ಬರುತ್ತಾರೆ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ‘ಕೂಸಿನ ಮನೆ’ ತೆರೆದ ಊರುಗಳಲ್ಲಿ ಅದರ ಪಕ್ಕದ ಅಂಗಳ ಅಜ್ಜಿಯರಿಗೂ ಇರಲಿ. ಹಿರಿಯರಿಗೆ ಹೊಸ ಕಟ್ಟಡ ಕಟ್ಟುವುದಕ್ಕಿಂತ, ಮಂದಿ ಈಗಾಗಲೇ ಬರುವ ಜಾಗಕ್ಕೆ ಅವರನ್ನು ಸೇರಿಸುವುದು ಕಡಿಮೆ ಖರ್ಚಿನ ಕೆಲಸ.

ಆಯಿಯ ಮನೆಯ ಮಾಲೀಕರು ಬರುವ ಯುಗಾದಿಯ ನಂತರ ಮುಂದಿನ ಕೋಣೆ ಒಡೆದು ಮೊಬೈಲ್ ಅಂಗಡಿಗೆ ಕೊಡುತ್ತಾರಂತೆ. ಅವರದು ತಪ್ಪಲ್ಲ, ಅವರ ಮನೆ. ಅದೇ ಓಣಿಯಲ್ಲಿ, ಇಲ್ಲದಿದ್ದರೆ ಅದರ ಹಿಂದಿನ ಓಣಿಯಲ್ಲಿ ನಾವು ಬೇರೆ ಮನೆ ಹುಡುಕುತ್ತಿದ್ದೇವೆ. ಹೋದ ವಾರ ಒಂದು ಒಳ್ಳೆಯ ಮನೆ ಸಿಕ್ಕಿತ್ತು. ಟೈಲ್ಸ್ ಇತ್ತು, ನಳ ಒಳಗೇ ಇತ್ತು. ಆಯಿ ಒಳಗೆ ಹೋಗಲೇ ಇಲ್ಲ. ಹೊರಗೆ ನಿಂತು ಕೇಳಿದಳು: ‘ಇಲ್ಲಿ ಕುಂತ್ರ ಖಾಲಾಗ ನಾ ಕಾಣ್ತೀನೇನು?’ ಕಾಣುವುದಿಲ್ಲ ಎಂದೆ. ಹುಡುಕುವುದು ಮುಂದುವರಿದಿದೆ. ಭಾಲ್ಕಿಯ ಹಳೆ ಊರಲ್ಲಿ ನೆಲಮಟ್ಟದ, ಕಟ್ಟೆ ಇರುವ ಮನೆ ಖಾಲಿಯಾದರೆ ತಿಳಿಸಿ.